ದಾರಿ ತೋರಿಸುವವರಿಗೆ ಬಲಹೀನತೆಯನ್ನು ಮರೆಮಾಡುವದು

ತನ್ನನ್ನು ನಡಿಸುವವರಿಗೆ ಮನುಷ್ಯನು ತನ್ನ ಬಲಹೀನತೆಯನ್ನು ತಿಳಿಸದೆ ಇರುವದು ಪಾಪವೋ, ಅಥವಾ ಬರೀ ಸಂಕೋಚವೋ? ಈ ಪ್ರಶ್ನೆಯನ್ನು ನಾವು ಪುಸ್ತಕದಿಂದ ತೆಗೆದುಕೊಳ್ಳಲಿಲ್ಲ. ಅಮೇರಿಕ ದೇಶದ ಮರುಭೂಮಿಯಲ್ಲಿ, ಎರಡು ಕಡೆಯಲ್ಲಿಯೂ ಗೋಡೆಯಂತೆ ನಿಂತ ಕರೀ ಬಂಡೆಗಳ ನಡುವೆ, ಒಬ್ಬನೇ ಕೂಡುವಷ್ಟು ಇಕ್ಕಟ್ಟಾದ ದೋಣಿಯಲ್ಲಿ ಕೂತು, ಎದುರುಗಾಳಿಗೆ ಕೈಯೆತ್ತಲಾರದೆ ಹೋದ ಹೊತ್ತಿನಲ್ಲಿ ಅದು ನಮ್ಮೊಳಗೆ ಹುಟ್ಟಿತು. ಆದದರಿಂದ ಮೊದಲು ಆ ದಿವಸದ ಸಂಗತಿಯನ್ನು ತಿಳಿಸಬೇಕಾಗಿದೆ. ಅದು ನಮಗೆ ಮಾನ ತರುವ ಸಂಗತಿಯಲ್ಲ.

ಕೊಲೊರಾಡೊ ಎಂಬ ಮಹಾನದಿಯು ಆ ದೇಶದ ಹಿಮದ ಬೆಟ್ಟಗಳಲ್ಲಿ ಹುಟ್ಟಿ, ಮಳೆ ಬಹು ಕಡಿಮೆಯಾದ ಸೀಮೆಯನ್ನು ಹಾದು ತೆಂಕಣಕ್ಕೆ ಹರಿಯುತ್ತದೆ. ಸ್ಪೇನಿನವರ ಭಾಷೆಯಲ್ಲಿ ಆ ಹೆಸರಿಗೆ ಕೆಂಪು ಬಣ್ಣದ್ದು ಎಂದರ್ಥ. ಪೂರ್ವದಲ್ಲಿ ಅದರ ನೀರು ಕೆಮ್ಮಣ್ಣಿನಿಂದ ತುಂಬಿ ಹರಿಯುತ್ತಿತ್ತು. 1935ನೇ ಇಸವಿಯಲ್ಲಿ ಸಮರ್ಪಣೆಯಾದ ಹೂವರ್ ಎಂಬ ಅಣೆಕಟ್ಟು ಆ ನದಿಯನ್ನು ಅಡ್ಡಗಟ್ಟಿ ನಿಂತಿದೆ. ಅದರ ಎತ್ತರ 726 ಅಡಿ. ಅದರ ಹಿಂದೆ ನಿಂತ ದೊಡ್ಡ ಕೆರೆಯಲ್ಲಿ ಮಣ್ಣೆಲ್ಲಾ ತಳಕ್ಕೆ ಇಳಿದುಬಿಡುವದರಿಂದ ಕಟ್ಟೆಯ ಕೆಳಗೆ ಹೊರಡುವ ನೀರು ಪಚ್ಚೆಯ ಹಾಗೆ ಹಸುರಾಗಿಯೂ ತಿಳಿಯಾಗಿಯೂ ಇರುತ್ತದೆ. ಕೆರೆಯ ಆಳದಿಂದ ಬರುವ ನೀರಾದದರಿಂದ ಅದು ಬಹು ತಣ್ಣಗೆ. ಮೇಲೆ ಬಿಸಿಲು ಬೆಂಕಿಯಂತೆ ಸುಡುತ್ತಿದ್ದರೂ ನೀರಿನ ಶಾಖವು ಸುಮಾರು 12 ಡಿಗ್ರಿಗಿಂತ ಹೆಚ್ಚಾಗಿರುವದು ಅಪರೂಪ. ಬಿಸಿಲಿಗೆ ಬೆಂದವನು ಅದರೊಳಗೆ ಬಿದ್ದರೆ ಉಸಿರು ಸಿಕ್ಕಿಕೊಳ್ಳುವದು.

ಕಟ್ಟೆಯ ಬುಡದಿಂದ ವಿಲ್ಲೋ ಬೀಚ್ ಎಂಬ ತಂಗುದಾಣದ ವರೆಗೆ ಸುಮಾರು 12 ಮೈಲು ಇರುವ ಕಮರಿಗೆ ಬ್ಲ್ಯಾಕ್ ಕ್ಯಾನಿಯನ್, ಅಂದರೆ ಕರೀ ಕಮರಿ, ಎಂದು ಹೆಸರು. ಬಲಗಡೆ ನೆವಾಡ ಸಂಸ್ಥಾನ, ಎಡಗಡೆ ಅರಿಜೋನ ಸಂಸ್ಥಾನ. ಕಟ್ಟೆಯ ಬುಡದಲ್ಲಿ ಯಾರೂ ತಮ್ಮ ಮನಸ್ಸಿಗೆ ಬಂದಂತೆ ನೀರಿಗಿಳಿಯಕೂಡದು. ಸರಕಾರದ ಅಪ್ಪಣೆಯುಳ್ಳವರ ಮೂಲಕವಾಗಿಯೇ ಇಳಿಯಬೇಕು. ಅಲ್ಲಿ ಜನರು ಕಯಾಕ್ ಎಂಬ ದೋಣಿಗಳಲ್ಲಿ ಹೋಗುತ್ತಾರೆ. ಉತ್ತರಧ್ರುವದ ಹತ್ತಿರವಿರುವ ಇನುಯಿಟ್ ಜನರು ಚೌಕಟ್ಟಿನ ಮೇಲೆ ಸೀಲ್ ಎಂಬ ಕಡಲ ಪ್ರಾಣಿಯ ಚರ್ಮವನ್ನು ಹೊದಿಸಿ ಬೇಟೆಗೋಸ್ಕರ ಕಟ್ಟುತ್ತಿದ್ದ ದೋಣಿ ಅದು. ಈಗ ಅದನ್ನು ಪ್ಲಾಸ್ಟಿಕ್ಕಿನಿಂದ ಮಾಡುತ್ತಾರೆ. ನಮ್ಮ ಹರಿಗೋಲು ದುಂಡಗಿದ್ದು ಹತ್ತು ಮಂದಿಯನ್ನು ಹೊರುವದು. ಅಂಬಿಗನು ಹುಟ್ಟು ಹಾಕುವಾಗ ಉಳಿದವರು ಮಾತಾಡುತ್ತಾ ಕೂತಿರಬಹುದು. ಕಯಾಕಿನಲ್ಲಿ ಹಾಗಲ್ಲ. ಕೂತವನೇ ಅಂಬಿಗನು. ಎರಡು ಕೊನೆಗಳಲ್ಲಿಯೂ ಅಲಗುಳ್ಳ ಒಂದೇ ಹುಟ್ಟನ್ನು ಹಿಡಿದು, ಎಡಕ್ಕೊಮ್ಮೆ ಬಲಕ್ಕೊಮ್ಮೆ ನೀರನ್ನು ಎಳೆಯಬೇಕು. ಆದಕಾರಣ ಎರಡು ಭುಜಗಳೂ ಸರಿಯಾಗಿರಬೇಕು.

ನಮ್ಮ ಎಡಭುಜವು ಸರಿಯಾಗಿರಲಿಲ್ಲ. ಎರಡು ವರುಷಗಳ ಹಿಂದೆ ಮೆಟ್ಟಲಿನಿಂದ ಜಾರಿಬಿದ್ದ ಮೇಲೆ ಅದು ತಲೆಯ ಮಟ್ಟಕ್ಕೆ ಏಳುವದೇ ಕಷ್ಟ. ಆ ದೇಶದಲ್ಲಿ ಕೆಲಸದಲ್ಲಿರುವ ನಮ್ಮ ತಂಗಿಯ ಮಗನು ಈ ಪ್ರಯಾಣಕ್ಕೆ ಕರೆದಾಗ ಅದನ್ನು ಅವನೇ ನೆನಪಿಗೆ ತಂದನು. ನಾವು, ಆ ನೋವು ಹೋಯಿತು ಎಂದೆವು. ಆದಿತ್ಯವಾರ ದೇವಾರಾಧನೆ ತೀರಿಸಿಕೊಂಡು ಸೋಮವಾರ ಹೊರಟೆವು. (ಆ ಕಮರಿಯಲ್ಲಿ ಆದಿತ್ಯವಾರ ಸೋಮವಾರಗಳಲ್ಲಿ ಯಂತ್ರದ ದೋಣಿಗಳನ್ನು ಬಿಡುವದಿಲ್ಲ. ಕಾರಣವು ಸಬ್ಬತ್ತಲ್ಲ, ಹುಟ್ಟು ಹಾಕುವವರಿಗೆ ನೆಮ್ಮದಿಯಾಗಲಿ ಎಂಬದೇ. ಆದರೂ ಮೌನವು ಮೌನವೇ.)

ದಾರಿ ತೋರಿಸತಕ್ಕವಳು ನಮ್ಮ ಮಗಳ ವಯಸ್ಸಿನ ಒಬ್ಬ ಯುವತಿ. ಬಿಸಿಲಿಗೆ ಮುಖ ಕೆಂಪಾಗಿತ್ತು, ಮಾತು ಕಡಿಮೆ. ಆಕೆಯು ನಮ್ಮ ಏಳು ಮಂದಿಗೂ ಒಂದೊಂದು ಕಾಗದ ಕೊಟ್ಟಳು. ಹೃದಯದ ರೋಗ, ಮೂರ್ಛೆ, ಭುಜದ ಅಥವಾ ಬೆನ್ನಿನ ನೋವು, ಇವುಗಳಲ್ಲಿ ಏನಾದರೂ ಇದ್ದರೆ ಬರೆಯಬೇಕೆಂದು ಅದರಲ್ಲಿತ್ತು. ನಾವು ಏನೂ ಇಲ್ಲವೆಂದು ಬರೆದು ರುಜು ಹಾಕಿದೆವು. ಅಷ್ಟಕ್ಕೂ ಸುಮ್ಮನಾಗದೆ ಆಕೆಯು ನದಿಯ ದಡದಲ್ಲಿ ನಿಂತು, ಇಬ್ಬರು ಕೂಡುವ ದೋಣಿ ಒಂದೇ ಒಂದಿದೆ, ಕೈಗೆ ಬಲ ಸಾಲದವರು ಯಾರಾದರೂ ಇದ್ದರೆ ಸಂಕೋಚಪಡದೆ ಹೇಳಿರಿ ಎಂದು ಮತ್ತೊಮ್ಮೆ ಕೇಳಿದಳು. ಸೋದರಳಿಯನು ನಮ್ಮ ಮುಖ ನೋಡಿದನು. ನಾವು ಅವನನ್ನು ಕಣ್ಣಿನಿಂದಲೇ ಗದರಿಸಿದೆವು. ಇಬ್ಬರ ದೋಣಿಯು ಚಿತ್ರ ತೆಗೆಯಬೇಕೆಂದಿದ್ದ ಒಬ್ಬ ಗಂಡಹೆಂಡಿರ ಪಾಲಾಯಿತು. ಹೀಗೆ ನಾವು ಸುಳ್ಳು ಬರೆದದ್ದಲ್ಲದೆ, ಒಬ್ಬ ಚಿಕ್ಕವನನ್ನೂ ಆ ಸುಳ್ಳಿಗೆ ಪಾಲುಗಾರನನ್ನಾಗಿ ಮಾಡಿದೆವು.

ಮುಂಜಾನೆಯ ಪ್ರಯಾಣವು ಬಹು ಸುಖವಾಗಿತ್ತು. ಹೊಳೆಯ ಸೆಳೆತವೇ ದೋಣಿಯನ್ನು ಕೊಂಡುಹೋಗುತ್ತಿತ್ತು. ಬಂಡೆಯ ಬಿರುಕುಗಳಿಂದ ಬಿಸಿನೀರು ಹೊಗೆಯಾಡುತ್ತಾ ಇಳಿಯುವದನ್ನು ಕಂಡೆವು. ಆ ಬುಗ್ಗೆಗಳಲ್ಲಿ ತಲೆ ಮುಳುಗಿಸಬಾರದು, ಮೂಗಿನಿಂದ ಮಿದುಳಿಗೆ ಸೇರಿ ಕೊಲ್ಲುವ ಒಂದು ಸೂಕ್ಷ್ಮಜೀವಿ ಅಂಥ ನೀರಿನಲ್ಲಿ ಇರಬಹುದು ಎಂದು ಆಕೆಯು ಎಚ್ಚರಿಸಿದಳು. ಡೊಂಕು ಕೊಂಬಿನ ಕಾಡುಕುರಿಗಳು ಕಾಲಿಡಲು ಸ್ಥಳವಿಲ್ಲದ ಕಡೆಯಲ್ಲಿ ನಿಂತು ನಮ್ಮನ್ನು ನೋಡಿದವು. ಒಂದು ಸ್ಥಳದಲ್ಲಿ ಆಕೆಯು ಹುಟ್ಟನ್ನು ಎತ್ತಿ ತೋರಿಸಿ ಹೇಳಿದ್ದೇನಂದರೆ: ಹತ್ತೊಂಭತ್ತನೆಯ ಶತಮಾನದಲ್ಲಿ ಹೊಗೆಹಡಗುಗಳು ಈ ಸೆಳವನ್ನು ಏರಲಾರದೆ ಹೋದಾಗ ಬಂಡೆಯಲ್ಲಿ ಕಬ್ಬಿಣದ ಉಂಗುರಗಳನ್ನು ನೆಟ್ಟು, ಅವುಗಳಿಗೆ ಹಗ್ಗ ಕಟ್ಟಿ ಹಡಗನ್ನು ಮೇಲಕ್ಕೆ ಎಳೆಯುತ್ತಿದ್ದರು. ನಾವು ಇದನ್ನು ಕೇಳಿ ನಕ್ಕೆವು.

ಮಧ್ಯಾಹ್ನ ಎರಡು ಗಂಟೆಯ ಮೇಲೆ ತೆಂಕಣಗಾಳಿ ಎದ್ದಿತು. ಆ ಕಮರಿಯಲ್ಲಿ ಅದು ಕೊಳವೆಯಲ್ಲಿ ಊದಿದ ಹಾಗೆ ಹೊಳೆಗೆ ವಿರೋಧವಾಗಿ ಬರುವದು. ಇನ್ನೂ ನಾಲ್ಕು ಮೈಲು ಇತ್ತು. ಅರ್ಧ ತಾಸಿನೊಳಗೆ ನಮ್ಮ ಎಡಗೈ ಮರಗಟ್ಟಿಹೋಯಿತು. ಒಂದೇ ಕೈಯಿಂದ ಹುಟ್ಟು ಹಾಕಿದರೆ ದೋಣಿಯು ಮುಂದೆ ಹೋಗದೆ ಸುತ್ತುತ್ತದೆ. ಮುಂದಿನವರು ತಿರುವಿನಾಚೆ ಮರೆಯಾದರು. ನಮ್ಮ ದೋಣಿ ಅಡ್ಡಲಾಗಿ ಬಂಡೆಗೆ ತಾಕಿತು. ಅದನ್ನು ಸರಿಮಾಡಲು ಬಂದ ಸೋದರಳಿಯನು ತೂಕ ತಪ್ಪಿ ನೀರಿಗೆ ಬಿದ್ದನು. ತೇಲಿಸುವ ಅಂಗಿ ಇದ್ದದರಿಂದ ಮುಳುಗಲಿಲ್ಲ. ಆದರೆ ಆ ಚಳಿನೀರಿನಲ್ಲಿ ಅವನ ಬಾಯಿಂದ ಹೊರಟ ಉಸಿರಿನ ಶಬ್ದವನ್ನು ನಾವು ಇಂದಿಗೂ ಮರೆತಿಲ್ಲ. “ಮಾವಾ, ಸೀಟಿ ಊದಿರಿ” ಎಂದು ಮಾತ್ರ ಹೇಳಿದನು. ಊದಿದೆವು. ಆಕೆಯು ಮಿಕ್ಕವರನ್ನು ನೆರಳಿಲ್ಲದ ಒಂದು ಕಲ್ಲುದಡದಲ್ಲಿ ಬಿಟ್ಟು ಗಾಳಿಯ ಸಂಗಡ ಹಿಂದಕ್ಕೆ ಬಂದು, ಮೊದಲು ಅವನನ್ನು ದಡ ಸೇರಿಸಿ, ಬಳಿಕ ನಮ್ಮ ದೋಣಿಯ ಮೂಗಿಗೆ ಹಗ್ಗ ಕಟ್ಟಿದಳು. ಆ ಕಲ್ಲುದಡದಲ್ಲಿ ಎಪ್ಪತ್ತು ದಾಟಿದ ಒಬ್ಬ ಅಜ್ಜಿ ಇದ್ದಳು. ಸುಮಾರು ಒಂದು ತಾಸು ಬಿಸಿಲಿನಲ್ಲಿ ಕಾದು, ನಾವು ಬರುವಷ್ಟರಲ್ಲಿ ತಲೆ ಸುತ್ತಿ ಮಲಗಿಬಿಟ್ಟಿದ್ದಳು. ದೇವರ ಕೃಪೆಯಿಂದ ನೀರು ಕುಡಿಸಿ ಒದ್ದೆಬಟ್ಟೆ ಹಾಕಿದ ಮೇಲೆ ಚೇತರಿಸಿಕೊಂಡಳು. ಹಗ್ಗ ಕಟ್ಟುವಾಗ ಆಕೆಯು, ನೋವು ಯಾವಾಗಿನಿಂದ ಎಂದು ಕೇಳಿದಳು. ಈಗಲೇ ಆರಂಭವಾಯಿತು ಎಂದೆವು. ಇದು ಎರಡನೆಯ ಸುಳ್ಳು.

ಈಗ ಪ್ರಶ್ನೆಗೆ ಬರೋಣ.

ನಮ್ಮ ಹಳ್ಳಿಗಳಲ್ಲಿ ನೋವನ್ನು ಹೇಳದೆ ಸಹಿಸುವವರಿಗೆ ದೊಡ್ಡ ಹೆಸರು. ಜ್ವರದಲ್ಲಿಯೂ ಬಾಯಿಬಿಡದೆ ಕಳೆ ಕಿತ್ತ ಸೊಸೆಯನ್ನು ಊರೆಲ್ಲಾ ಹೊಗಳುವದು. ತಾಳ್ಮೆಯು ಆತ್ಮದ ಫಲಗಳಲ್ಲಿ ಒಂದೆಂದು ನಾವೂ ಬಲ್ಲೆವು. ಅದನ್ನು ಹಗುರವಾಗಿ ಎಣಿಸುವದಿಲ್ಲ. ಆದರೆ ಸಹಿಸುವದು ಒಂದು, ಮರೆಮಾಡುವದು ಮತ್ತೊಂದು. ಸಹಿಸುವವನು ಭಾರವನ್ನು ತಾನು ಹೊರುತ್ತಾನೆ. ಮರೆಮಾಡುವವನು ಭಾರವನ್ನು ತಿಳಿಯದವರ ಹೆಗಲಿನ ಮೇಲೆ ಇಡುತ್ತಾನೆ. ಅದು ಬೀಳುವ ಹೊತ್ತಿಗೆ ಮಾತ್ರ ಅವರಿಗೆ ಗೊತ್ತಾಗುವದು. ನಮ್ಮ ಭುಜದ ನೋವನ್ನು ಆ ದಿನ ಹೊತ್ತವರು ಯಾರು? ನೀರಿಗೆ ಬಿದ್ದ ಹುಡುಗನು, ಬಿಸಿಲಿನಲ್ಲಿ ಮಲಗಿದ ಅಜ್ಜಿ, ಒಂದು ಮೈಲು ಹಿಂದಕ್ಕೆ ಬಂದು ಮೂರು ಮೈಲಿಗಿಂತ ಹೆಚ್ಚು ನಮ್ಮನ್ನು ಎಳೆದ ಆ ಯುವತಿ. ನಾವಾದರೋ ಕೂತಿದ್ದೆವು.

ಹೀಗಿರಲಾಗಿ, ನನ್ನ ರೋಗ ನನ್ನದು, ನನ್ನ ಸಾಲ ನನ್ನದು, ಇದರಿಂದ ಯಾರಿಗೇನು ಎಂಬ ಮಾತು ಸರಿಯೋ ಎಂದು ವಿಚಾರಿಸಬೇಕು. ಬಾವಿ ತೋಡುವ ನಾಲ್ವರಲ್ಲಿ ಒಬ್ಬನಿಗೆ ತಲೆಸುತ್ತು ಬರುವದುಂಟು; ಕೂಲಿ ಹೋದೀತೆಂದು ಅವನು ಹೇಳುವದಿಲ್ಲ. ಹಗ್ಗ ಅವನ ಕೈಯಲ್ಲಿದೆ. ಕೆಳಗಿರುವವನ ಜೀವವು ಯಾರದು? ಬಸುರಿಯಾದ ಹೆಂಗಸು ಮೊದಲ ಹೆರಿಗೆಯಲ್ಲಿ ರಕ್ತ ಹೆಚ್ಚಾಗಿ ಹೋದದ್ದನ್ನು ದಾದಿಗೆ ತಿಳಿಸದೆ ಇದ್ದರೆ, ದಾದಿಯು ಏನನ್ನು ಸಿದ್ಧಮಾಡಿಕೊಂಡಿರುವಳು? ದಾರಿ ತೋರಿಸುವವರು ದೇವರಲ್ಲ. ಅವರು ಹೊಳೆಯನ್ನು ಬಲ್ಲರು, ಗಾಳಿಯನ್ನು ಬಲ್ಲರು. ನಮ್ಮ ಒಳಗನ್ನು ನಾವು ಹೇಳಿದರೆ ಮಾತ್ರ ಬಲ್ಲರು. ದೇವರಿಗೆ ಎಲ್ಲವೂ ತಿಳಿದಿದೆ, ಮನುಷ್ಯರಿಗೆ ಯಾಕೆ ಹೇಳಬೇಕು ಎಂದು ಕೆಲವು ಸಹೋದರರು ಭಕ್ತಿಯಿಂದಲೇ ಕೇಳುವರು. ದೇವರಿಗೆ ತಿಳಿದಿದೆ ಎಂಬದೇ ಮನುಷ್ಯರಿಗೆ ಹೇಳಬೇಕಾದದಕ್ಕೆ ಕಾರಣವು. ದೇವರ ಮುಂದೆ ಯಾವದನ್ನೂ ಮುಚ್ಚಲಾರೆವಾದದರಿಂದ, ಮುಚ್ಚಿದ್ದೆಲ್ಲಾ ಮನುಷ್ಯನಿಂದ ಮಾತ್ರ ಮುಚ್ಚಿದ್ದು. ಹಾಗೆ ಮುಚ್ಚಿದ್ದರಿಂದ ಬರುವ ಕೇಡೂ ಮನುಷ್ಯನ ಮೇಲೆಯೇ ಬೀಳುವದು.

ಅಪೊಸ್ತಲನಾದ ಪೌಲನ ಹಡಗಿನ ಪ್ರಯಾಣವನ್ನು ವಾಚಕರು ಬಲ್ಲರು. ಬಿರುಗಾಳಿಯ ಹದಿನಾಲ್ಕನೆಯ ರಾತ್ರಿಯಲ್ಲಿ ನಾವಿಕರು ಮುಂಭಾಗದಲ್ಲಿ ಲಂಗರು ಹಾಕುವವರಂತೆ ನಟಿಸಿ, ತಾವು ಮಾತ್ರ ತಪ್ಪಿಸಿಕೊಳ್ಳಬೇಕೆಂದು ಚಿಕ್ಕ ದೋಣಿಯನ್ನು ಇಳಿಸಿದರು. ಪೌಲನು ಅದನ್ನು ಶತಾಧಿಪತಿಗೆ ತಿಳಿಸಿದನು. ಸಿಪಾಯಿಗಳು ಹಗ್ಗಗಳನ್ನು ಕೊಯ್ದರು. ಆ ನಾವಿಕರ ತಪ್ಪು ಹೆದರಿದ್ದೇ ಎಂದು ನಮಗೆ ತೋರುವದಿಲ್ಲ. ಆ ಹಡಗಿನಲ್ಲಿದ್ದ 276 ಮಂದಿಯಲ್ಲಿ ಹೆದರದವರು ಎಷ್ಟು ಮಂದಿ ಇದ್ದಾರು? ಅವರ ತಪ್ಪು ಭಯಕ್ಕೆ ಕೆಲಸದ ವೇಷ ಹಾಕಿದ್ದರಲ್ಲಿದೆ. ಗಿದ್ಯೋನನ ಸಂಗತಿಯನ್ನು ಇದರ ಪಕ್ಕದಲ್ಲಿ ಇಟ್ಟು ನೋಡಿರಿ. ಹೆದರಿಕೆಯುಳ್ಳವರು ಮನೆಗೆ ಹೋಗಬಹುದೆಂದು ಸಾರಿದಾಗ 32,000 ಮಂದಿಯಲ್ಲಿ 22,000 ಮಂದಿ ಹಿಂದಿರುಗಿದರು. ಅವರನ್ನು ಕುರಿತು ಒಂದು ನಿಂದೆಯ ಮಾತಾದರೂ ಆ ಅಧ್ಯಾಯದಲ್ಲಿ ಬರೆದಿಲ್ಲ.

ಅದೇ ಕೊಲೊರಾಡೊ ನದಿಯಲ್ಲಿ ನಡೆದ ಒಂದು ಸಂಗತಿಯು ಈ ವಿಷಯಕ್ಕೆ ಬಹಳವಾಗಿ ಸೇರಿದ್ದಾಗಿದೆ. 1869ನೇ ಇಸವಿ ಮೇ ತಿಂಗಳ 24ನೇ ತಾರೀಕಿನಲ್ಲಿ ಜಾನ್ ವೆಸ್ಲಿ ಪೊವೆಲ್ ಎಂಬವನು ಒಂಭತ್ತು ಮಂದಿಯನ್ನೂ ನಾಲ್ಕು ದೋಣಿಗಳನ್ನೂ ಕರಕೊಂಡು, ಯಾವ ನಕ್ಷೆಯೂ ಸರಿಯಾಗಿ ತೋರಿಸದ ಆ ಕಮರಿಗಳೊಳಗೆ ಇಳಿದನು. ಅವನು ಮೆಥೊಡಿಸ್ಟ್ ಬೋಧಕನ ಮಗನು. ಹೆಸರಿನಿಂದಲೇ ಅದು ತಿಳಿಯುವದು. 1862ರ ಶೈಲೋ ಯುದ್ಧದಲ್ಲಿ ಬಲಗೈಯನ್ನು ಕಳಕೊಂಡಿದ್ದನು. (ನಮಗಾದರೂ ಎರಡು ಕೈಗಳಿದ್ದವು, ಅವನಿಗೆ ಒಂದೇ. ಆದರೆ ಅವನ ಬಲಹೀನತೆಯು ಎಲ್ಲರಿಗೂ ಕಾಣುವಂಥದ್ದು, ನಮ್ಮದು ಅಂಗಿಯೊಳಗಿನದು.) ಒಂದು ದೋಣಿ ಬಂಡೆಗೆ ಬಡಿದು ಒಡೆಯಿತು. ಒಬ್ಬನು ಜುಲೈ ತಿಂಗಳಲ್ಲಿ ಸಾಕಪ್ಪಾ ಎಂದು ಬಿಟ್ಟುಹೋದನು. ಆಗಸ್ಟ್ ತಿಂಗಳ ಕೊನೆಗೆ ಹಿಟ್ಟು ಕೆಲವೇ ದಿವಸಗಳಿಗಾಗುವಷ್ಟು ಮಿಕ್ಕಿತ್ತು. ಅಷ್ಟರಲ್ಲಿ ಎಲ್ಲಕ್ಕಿಂತ ಭಯಂಕರವಾಗಿ ತೋರಿದ ಒಂದು ಸೆಳವು ಎದುರಾಯಿತು. ಆ ಸಾಯಂಕಾಲ ಒರಮೆಲ್ ಹೌಲೆಂಡ್ ಎಂಬವನು ಪೊವೆಲನನ್ನು ಬೇರೆಯಾಗಿ ಕರೆದು, ತಾನೂ ತನ್ನ ತಮ್ಮನಾದ ಸೆನೆಕನೂ ವಿಲಿಯಂ ಡನ್ ಎಂಬವನೂ ಇನ್ನು ಮುಂದಕ್ಕೆ ಬರಲಾರೆವೆಂದು ತಿಳಿಸಿದನು. ಪೊವೆಲನು ಆ ರಾತ್ರಿ ನಿದ್ರೆಮಾಡಲಿಲ್ಲ, ಮರಳಿನ ಮೇಲೆ ಅತ್ತಿತ್ತ ನಡೆದಾಡಿದನು. 28ನೇ ತಾರೀಕಿನ ಮುಂಜಾನೆ ಅವರು ಒಬ್ಬರನ್ನೊಬ್ಬರು ಬೀಳ್ಕೊಂಡರು. ಹೋಗುವವರಿಗೆ ಬಂದೂಕುಗಳನ್ನು ಕೊಟ್ಟರು. ಪ್ರಯಾಣದ ದಾಖಲೆಗಳಲ್ಲಿ ಒಂದು ಪ್ರತಿಯನ್ನೂ ಮನೆಗಳಿಗೆ ಬರೆದ ಪತ್ರಗಳನ್ನೂ ಅವರ ಕೈಗೆ ಒಪ್ಪಿಸಿದರು. ಮನಸ್ಸು ತಿರುಗಿದರೆ ಹಿಂದೆ ಬರಲೆಂದು ಒಂದು ದೋಣಿಯನ್ನು ದಡದಲ್ಲಿ ಬಿಟ್ಟರು. ಎರಡು ಪಕ್ಷದವರೂ ಮತ್ತೊಬ್ಬರು ಮರಣಕ್ಕೆ ಹೋಗುತ್ತಿದ್ದಾರೆಂದೇ ನೆನಸಿದರು. ಹೊಳೆಯಲ್ಲಿ ಹೋದ ಆರು ಮಂದಿ ಎರಡು ದಿವಸಗಳಲ್ಲಿ ಕಮರಿಯಿಂದ ಹೊರಗೆ ಬಂದರು. ಬೆಟ್ಟ ಹತ್ತಿದ ಮೂವರೂ ಕೊಲ್ಲಲ್ಪಟ್ಟರು. ಕೊಂದವರು ಯಾರೆಂಬದು ಇಂದಿನ ವರೆಗೂ ವಿವಾದದಲ್ಲಿದೆ.

ಈ ಕಥೆಯನ್ನು ಕೇಳಿದವರು ಸಾಮಾನ್ಯವಾಗಿ, ನೋಡಿರಿ, ನಾಯಕನನ್ನು ಬಿಟ್ಟವರು ನಾಶವಾದರು ಎಂದು ಪಾಠ ಮಾಡಿಬಿಡುವರು. ನಾವು ಹಾಗೆ ಮಾಡಲಾರೆವು. ಮೂವರು ಸತ್ತದ್ದು ಅವರ ತಪ್ಪಿಗೆ ಸಾಕ್ಷಿಯಾದರೆ, ಸೆಳವಿನಲ್ಲಿ ಆರು ಮಂದಿ ಸತ್ತಿದ್ದರೆ ಅದು ಪೊವೆಲನ ತಪ್ಪಿಗೆ ಸಾಕ್ಷಿಯಾಗುತ್ತಿತ್ತು. ಸಿಲೋವದ ಬುರುಜು ಬಿದ್ದು ಸತ್ತವರ ವಿಷಯದಲ್ಲಿ ಕರ್ತನು ಅಂಥ ಲೆಕ್ಕವನ್ನು ನಿರಾಕರಿಸಿದನಲ್ಲವೇ? ಆ ಮೂವರು ತಮ್ಮಿಂದಾಗದು ಎಂಬದನ್ನು ಮುಂಚಿತವಾಗಿ, ಎದುರಿಗೆ, ಬಾಯಿಬಿಟ್ಟು ಹೇಳಿದರು. ಹೇಳಿದ್ದರಿಂದ ಪೊವೆಲನಿಗೆ ಒಂದು ರಾತ್ರಿ ಸಿಕ್ಕಿತು, ಆಲೋಚಿಸುವದಕ್ಕೂ ಇದ್ದದ್ದನ್ನು ಹಂಚುವದಕ್ಕೂ. ಅವರು ಲಜ್ಜೆಪಟ್ಟು ಸುಮ್ಮನೆ ದೋಣಿಯಲ್ಲಿ ಕೂತು, ಸೆಳವಿನ ನಡುವೆ ಹುಟ್ಟನ್ನು ಕೈಬಿಟ್ಟಿದ್ದರೆ ಒಂಭತ್ತು ಮಂದಿಯೂ ಸಾಯುತ್ತಿದ್ದರೇನೋ. ಆ ಕಲ್ಲುಗಳ ನಡುವೆ ನಮಗಿಂತ ಯಥಾರ್ಥರು ಅವರೇ.

ಆದರೆ ಲೋಕವು ಅವರಿಗೆ ಮಾಡಿದ್ದೇನು? 1918ರಲ್ಲಿ ಗ್ರ್ಯಾಂಡ್ ಕ್ಯಾನಿಯನ್ನಿನ ಅಂಚಿನಲ್ಲಿ ಆ ಪ್ರಯಾಣದ ಸ್ಮಾರಕವೊಂದನ್ನು ಪ್ರತಿಷ್ಠೆಮಾಡಿ, ಅದರ ಹಲಗೆಯಲ್ಲಿ ಪೊವೆಲನ ಹೆಸರನ್ನೂ ಸಂಗಡಿಗರ ಹೆಸರುಗಳನ್ನೂ ಕೆತ್ತಿದರು. ಬಿಟ್ಟುಹೋದವರ ಹೆಸರುಗಳನ್ನು ಕೆತ್ತಲಿಲ್ಲ. ಮೂರು ತಿಂಗಳು ಹಗಲಿರುಳು ಹುಟ್ಟು ಹಾಕಿ, ಎರಡು ದಿನದ ದಾರಿ ಮಿಕ್ಕಿರುವಾಗ ನಮ್ಮಿಂದಾಗದು ಎಂದವರನ್ನು ಓಡಿಹೋದವರೆಂದು ಎಣಿಸಿದರು.

ಇಲ್ಲಿಯೇ ನಮ್ಮ ಪ್ರಶ್ನೆಯು ತಿರುಗಿ ನಿಲ್ಲುತ್ತದೆ. ಜನರು ಬಲಹೀನತೆಯನ್ನು ಮರೆಮಾಡುವದು ಯಾಕೆ? ಹೇಳಿದವರ ಹೆಸರು ಅಳಿಸಲ್ಪಡುವದನ್ನು ಕಂಡಿರುವದರಿಂದ. ಕುಡಿತದ ಚಟವನ್ನು ಬಿಡಲಾರೆನೆಂದು ಅಳುತ್ತಾ ಬಂದು ಹೇಳಿದವನನ್ನು ಹಿರಿಯರು ಕರ್ತನ ಭೋಜನದಿಂದ ನಿಲ್ಲಿಸುವರು; ಹೇಳದೆ ಕುಡಿಯುವವನು ಮುಂದಿನ ಸಾಲಿನಲ್ಲಿ ಕೂತಿರುವನು. ಸಾಲದಲ್ಲಿ ಮುಳುಗಿದೆನೆಂದು ತಿಳಿಸಿದ ರೈತನ ಮಾತು ಮರುದಿನ ಚಾವಡಿಯಲ್ಲಿ ಹರಟೆಯಾಗುವದು. ನನ್ನ ನಂಬಿಕೆ ಕುಂದಿದೆ, ಪ್ರಾರ್ಥನೆ ಬಾಯಿಗೆ ಬರುವದಿಲ್ಲ ಎಂದು ಒಬ್ಬ ಹೆಂಗಸು ಹೇಳಿದರೆ, ಪಾಪವೇನಾದರೂ ಮಾಡಿದಿಯೋ ಎಂದು ಮೊದಲು ಕೇಳುವರು. ಇದನ್ನೆಲ್ಲಾ ನೋಡಿದ ಮಿಕ್ಕವರು, ಕಾಗದದಲ್ಲಿ ಏನೂ ಇಲ್ಲವೆಂದು ಬರೆಯುವದನ್ನು ಕಲಿತುಕೊಳ್ಳುವರು. ಸಭೆಯಲ್ಲಿ ಶಿಸ್ತು ಬೇಡವೆಂದು ನಾವು ಹೇಳುವದಿಲ್ಲ. ಆದರೆ ಶಿಸ್ತು ತಪ್ಪಿಗೆ ಸೇರಿದ್ದು. ಬಲಹೀನತೆಯನ್ನು ತಿಳಿಸಿದವನಿಗೆ ಮೊದಲು ಕೊಡತಕ್ಕದ್ದು ಇಬ್ಬರು ಕೂಡುವ ದೋಣಿಯೇ. ತನ್ನ ಶರೀರದಲ್ಲಿ ನಾಟಿದ ಮುಳ್ಳಿನ ವಿಷಯವನ್ನು ಕೊರಿಂಥದ ಸಭೆಗೆ ಬಹಿರಂಗವಾಗಿ ಬರೆದ ಪೌಲನು ಇಂದು ನಮ್ಮ ಹಿರಿಯರ ಕೂಟದ ಮುಂದೆ ಬಂದು ಅದನ್ನೇ ಹೇಳಿದರೆ, ಅವನಿಗೆ ಪ್ರಸಂಗಮಾಡಲು ಅಪ್ಪಣೆ ಸಿಕ್ಕೀತೋ ಎಂದು ನಮಗೆ ಕೆಲವು ಸಾರಿ ಸಂಶಯ ಬರುವದು.

ಈ ಮಾತು ನಮ್ಮ ತಪ್ಪಿಗೆ ಮರೆಯಾಗಬಾರದು. ಆ ಯುವತಿಯು ನಮ್ಮನ್ನು ಅವಮಾನಪಡಿಸಲಿಲ್ಲ; ಎರಡು ಸಾರಿ ಕೇಳಿದಳು, ದೋಣಿಯನ್ನು ಸಿದ್ಧವಾಗಿಟ್ಟಿದ್ದಳು. ಹೇಳಿದ್ದರೆ ನಮಗೆ ಯಾವ ನಷ್ಟವೂ ಆಗುತ್ತಿರಲಿಲ್ಲ. ಮಗಳ ವಯಸ್ಸಿನವಳಿಗೆ ತಲೆಬಾಗಿ, ನನಗೆ ಕೈಲಾಗದು ಎನ್ನಬೇಕಾಗುತ್ತದಲ್ಲಾ ಎಂಬ ಒಂದೇ ಕಾರಣ. ಆದದರಿಂದ ಮೊದಲು ಕೇಳಿದ ಪ್ರಶ್ನೆಗೆ ನಮ್ಮ ಮಟ್ಟಿಗಾದರೂ ಉತ್ತರ ಸಿಕ್ಕಿತು. ಹೆದರಿಸುವವರ ಮುಂದೆ ಬಾಯಿ ಮುಚ್ಚಿಕೊಂಡವನ ಪಾಪದಲ್ಲಿ ಹೆದರಿಸಿದವರಿಗೂ ಪಾಲುಂಟು. ಕೇಳಿ ಕಾದಿರುವವರ ಮುಂದೆ ಬಾಯಿ ಮುಚ್ಚಿಕೊಂಡವನ ಪಾಪವು ಪೂರ್ತಿಯಾಗಿ ಅವನದೇ.

ವಿಲ್ಲೋ ಬೀಚಿಗೆ ಮುಟ್ಟಿದಾಗ ಬಿಸಿಲು ಬಂಡೆಗಳ ತುದಿಗೆ ಏರಿತ್ತು. ಸೋದರಳಿಯನು ಒಣ ಅಂಗಿ ತೊಟ್ಟುಕೊಂಡು ಅಜ್ಜಿಗೆ ಕುಡಿಯಲು ತಂದುಕೊಡುತ್ತಿದ್ದನು. ಆಕೆಯು ಒಬ್ಬಳೇ ದೋಣಿಗಳನ್ನು ಗಾಡಿಯ ಮೇಲೆ ಏರಿಸುತ್ತಿದ್ದಳು. ನಾವು ಹತ್ತಿರ ಹೋಗಿ, ನೋವು ಎರಡು ವರುಷದ್ದು, ಬೆಳಿಗ್ಗೆ ಕಾಗದದಲ್ಲಿ ಬರೆದದ್ದೂ ಹೊಳೆಯಲ್ಲಿ ಹೇಳಿದ್ದೂ ಸುಳ್ಳು ಎಂದು ಹೇಳಿದೆವು. ಆಕೆಯು ಸ್ವಲ್ಪ ಹೊತ್ತು ನಮ್ಮನ್ನು ನೋಡಿ, ಚೀಲದಿಂದ ಆ ಕಾಗದವನ್ನು ತೆಗೆದು ಏನೋ ಬರೆದುಕೊಂಡು, ಬೆಳಿಗ್ಗೆ ಹೇಳಿದ್ದರೆ ಬೇರೆ ದೋಣಿ ಕೊಡುತ್ತಿದ್ದೆನು ಎಂದಳು. ಬಳಿಕ, ಬಲಗೈ ಚೆನ್ನಾಗಿದೆಯೋ ಎಂದು ಕೇಳಿದಳು. ಚೆನ್ನಾಗಿದೆ ಎಂದೆವು. ಹಾಗಾದರೆ ಇದರ ಆ ಕೊನೆಯನ್ನು ಹಿಡಿಯಿರಿ ಎಂದಳು.